ನೀಹಾರಿಕೆಯ ಬಣ್ಣ ನಮ್ಮ ಆಯ್ಕೆಯಾದರೆ, ನಕ್ಷತ್ರಗಳ ಬಣ್ಣಕ್ಕೇಕೆ ಇಷ್ಟು ಶ್ರಮ?

ಬೆಂಗಳೂರಿನ ನಮ್ಮ ಮನೆಯ ತಾರಸಿಯಿಂದ ನಾನು ತೆಗೆದ ರೋಸೆಟ್ ನೀಹಾರಿಕೆಯ ಚಿತ್ರವನ್ನು ನೋಡಿದವರು ಮೊದಲು ಕೇಳುವುದು, ಈ ಹೊಂಬಣ್ಣವೂ ನೀಲಿಯೂ ನಿಜವೇ ಎಂದು. ಕಣ್ಣಿಗೆ ಕಾಣುವ ಅರ್ಥದಲ್ಲಿ ನಿಜವಲ್ಲ, ಅದು ಛಾಯಾಗ್ರಾಹಕರು ಒಪ್ಪಿಕೊಂಡಿರುವ ಒಂದು ಸಂಕೇತ ಎಂದು ಹೇಳಿದ ಕೂಡಲೇ ಎರಡನೆಯ ಪ್ರಶ್ನೆ ಬರುತ್ತದೆ: ನೀಹಾರಿಕೆಯ ಬಣ್ಣವನ್ನೇ ನೀವು ಆರಿಸಿಕೊಂಡ ಮೇಲೆ, ನಕ್ಷತ್ರಗಳ ಬಣ್ಣ ಸರಿಯಿರಬೇಕೆಂದು ಬೇರೆ ಫಿಲ್ಟರ್ ಹಾಕಿ ಅವನ್ನು ಮತ್ತೊಮ್ಮೆ ಚಿತ್ರಿಸುವುದೇಕೆ? ಈ ಎರಡನೆಯ ಪ್ರಶ್ನೆಗೆ ಇಲ್ಲಿ ವಿವರವಾಗಿ ಉತ್ತರಿಸುತ್ತೇನೆ.

ಅನಿಲ ಬೆಳಗುವ ರೀತಿಯೇ ಬೇರೆ, ನಕ್ಷತ್ರ ಬೆಳಗುವ ರೀತಿಯೇ ಬೇರೆ. ಬಿಸಿ ನಕ್ಷತ್ರಗಳ ಅತಿನೇರಳೆ ಕಿರಣಗಳಿಂದ ಅಯಾನೀಕೃತವಾದ ಅನಿಲವು ತನ್ನ ಬೆಳಕಿನ ಬಹುಪಾಲನ್ನು ಕೆಲವೇ ತರಂಗಾಂತರಗಳಲ್ಲಿ ಸೂಸುತ್ತದೆ: ಹೈಡ್ರೋಜನ್ 656.3 ನ್ಯಾನೊಮೀಟರ್‌ನಲ್ಲಿ, ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕ ಮುಖ್ಯವಾಗಿ 500.7ರಲ್ಲಿ, ಒಂದು ಎಲೆಕ್ಟ್ರಾನ್ ಕಳೆದುಕೊಂಡ ಗಂಧಕ 671.6 ಮತ್ತು 673.1ರಲ್ಲಿ. ಇಂಥ ಒಂದೊಂದು ತರಂಗಾಂತರವನ್ನು ರೇಖೆ ಎನ್ನುತ್ತೇವೆ. ಒಂದು ರೇಖೆಯ ಆಸುಪಾಸಿನ ಬೆಳಕನ್ನಷ್ಟೇ ಒಳಬಿಡುವ ಫಿಲ್ಟರ್‌ಗೆ ನ್ಯಾರೋಬ್ಯಾಂಡ್ ಫಿಲ್ಟರ್ ಎಂದು ಹೆಸರು; ನನ್ನವು ಒಳಬಿಡುವ ವ್ಯಾಪ್ತಿಯ ಅಗಲ ಕೇವಲ 3 ನ್ಯಾನೊಮೀಟರ್. ಸಾಮಾನ್ಯ ಕೆಂಪು ಫಿಲ್ಟರ್ ಸುಮಾರು 100 ನ್ಯಾನೊಮೀಟರ್ ಅಗಲವಿರುವುದರಿಂದ, ಅದಕ್ಕೆ ಹೋಲಿಸಿದರೆ ನಗರದ ಬೆಳಕು ಮೂವತ್ತು ಪಟ್ಟಿಗೂ ಹೆಚ್ಚು ತಗ್ಗಿದರೂ ಹೈಡ್ರೋಜನ್ ರೇಖೆ ಹೆಚ್ಚುಕಡಿಮೆ ಪೂರ್ತಿಯಾಗಿ ಒಳಬರುತ್ತದೆ. ಬೀದಿದೀಪಗಳ ನಡುವೆಯೂ ಸುಮಾರು 5,000 ಜ್ಯೋತಿರ್ವರ್ಷ ದೂರದ ಅನಿಲವನ್ನು ಚಿತ್ರಿಸಲು ಸಾಧ್ಯವಾಗುವುದು ಇದರಿಂದಲೇ.

ಗಂಧಕಕ್ಕೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಮ್ಲಜನಕಕ್ಕೆ ನೀಲಿ ಎಂಬ ಹಂಚಿಕೆಯು, 1995ರಲ್ಲಿ ಜೆಫ್ ಹೆಸ್ಟರ್ ಮತ್ತು ಪಾಲ್ ಸ್ಕೋವನ್ ಹಬಲ್ ದೂರದರ್ಶಕದಿಂದ ಪಡೆದ ಈಗಲ್ ನೀಹಾರಿಕೆಯ ಸ್ತಂಭಗಳ ಚಿತ್ರದಿಂದ ಜನಪ್ರಿಯವಾಯಿತು. ಹೈಡ್ರೋಜನ್ ಮತ್ತು ಗಂಧಕದ ರೇಖೆಗಳೆರಡೂ ಕಣ್ಣಿಗೆ ಕೆಂಪೇ ಆದ್ದರಿಂದ, ಯಾವ ಅನಿಲ ಎಲ್ಲಿದೆ ಎಂದು ತೋರಿಸಲು ಇಂಥದೊಂದು ಸಂಕೇತ ಬೇಕಾಗುತ್ತದೆ. ನಕಾಶೆಯಲ್ಲಿ ಎತ್ತರಕ್ಕೆ ಕಂದು ಬಣ್ಣ ಬಳಸುವ ಹಾಗೆಯೇ ಇದೂ. ಅದರಲ್ಲಿ ಸುಳ್ಳೇನೂ ಇಲ್ಲ.

ತೊಡಕು ಬರುವುದು ನಕ್ಷತ್ರಗಳಲ್ಲಿ. ನಕ್ಷತ್ರದ ಬೆಳಕು ಎಲ್ಲ ತರಂಗಾಂತರಗಳಲ್ಲೂ ಹರಡಿರುವುದರಿಂದ, ಅದರ ಬಣ್ಣ ತಿಳಿಯಬೇಕಾದರೆ ನೀಲಿಯ ತುದಿಯಲ್ಲಿ, ನಡುವೆ ಮತ್ತು ಕೆಂಪಿನ ತುದಿಯಲ್ಲಿ ಅದನ್ನು ಅಳೆಯಬೇಕು. ನಮ್ಮ ಮೂರು ಫಿಲ್ಟರ್‌ಗಳಲ್ಲಿ ಹೈಡ್ರೋಜನ್ ಮತ್ತು ಗಂಧಕದವು ಒಂದರಿಂದ ಒಂದು ಸುಮಾರು 16 ನ್ಯಾನೊಮೀಟರ್ ದೂರದಲ್ಲಷ್ಟೇ ಇವೆ. ಅಷ್ಟರಲ್ಲಿ ನಕ್ಷತ್ರದ ಪ್ರಕಾಶ ಹೆಚ್ಚೇನೂ ಬದಲಾಗುವುದಿಲ್ಲ. ಅಂದರೆ ಚಿತ್ರದಲ್ಲಿ ಹೆಸರಿಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಬಣ್ಣದ ಪದರಗಳು, ಅಂದರೆ ಚಾನೆಲ್‌ಗಳು, ಇದ್ದರೂ ನಕ್ಷತ್ರದ ಮಟ್ಟಿಗೆ ನಮಗೆ ಸಿಗುವುದು ಎರಡೇ ಅಳತೆಗಳು, ನಿಜವಾದ ನೀಲಿಯಲ್ಲಿ ಒಂದೂ ಇಲ್ಲ. ಇದರ ಮೇಲೆ ಇನ್ನೊಂದು ಪೆಟ್ಟು: ರೋಸೆಟ್‌ನಲ್ಲಿ ಹೈಡ್ರೋಜನ್ ಪ್ರಬಲ, ಗಂಧಕ ತೀರ ಕ್ಷೀಣ. ಮೂರೂ ಸಮನಾಗಿ ಕಾಣಲೆಂದು ಗಂಧಕ ಮತ್ತು ಆಮ್ಲಜನಕದ ಚಾನೆಲ್‌ಗಳನ್ನು ನಾವು ಬಹಳ ಹೆಚ್ಚಿಸುತ್ತೇವೆ. ಆಗ ಅವುಗಳೊಳಗಿನ ನಕ್ಷತ್ರಗಳೂ ಹಿಗ್ಗುತ್ತವೆ. ಕೆಂಪು ಮತ್ತು ನೀಲಿ ಹೆಚ್ಚಾಗಿ ಹಸಿರು ಹಿಂದೆ ಬಿದ್ದು, ಪ್ರತಿಯೊಂದು ನಕ್ಷತ್ರವೂ ಮಜೆಂಟಾ ಆಗುತ್ತದೆ.

ಇದಕ್ಕೆ ಒಂದು ಸುಲಭ ಉಪಾಯವಿದೆ. ಚಿತ್ರವನ್ನು ನೆಗೆಟಿವ್ ಮಾಡಿದರೆ ಮಜೆಂಟಾ ಹಸಿರಾಗುತ್ತದೆ. ಆ ಹಸಿರನ್ನು ತೆಗೆದು ಮತ್ತೆ ತಿರುಗಿಸಿದರೆ ನಕ್ಷತ್ರಗಳು ಬಿಳಿಚಿಕೊಳ್ಳುತ್ತವೆ. ಮೊದಲ ಎರಡು ವರ್ಷ ನಾನೂ ಹೀಗೆಯೇ ಮಾಡಿದೆ, ಫಲಿತಾಂಶದಿಂದ ಸಂತೋಷವನ್ನೂ ಪಟ್ಟೆ. ಆಮೇಲೊಂದು ದಿನ ಚಿಕ್ಕ ಬೈನಾಕ್ಯುಲರ್‌ನಲ್ಲಿ ಆ ಜಾಗವನ್ನು ನೋಡುವಾಗ ಮನಸ್ಸು ಚುಚ್ಚಿತು. ರೋಸೆಟ್‌ನ ನಡುವಿನ ಎನ್‌ಜಿಸಿ 2244 ಎಂಬ ನಕ್ಷತ್ರಗುಚ್ಛದ ಪಕ್ಕದಲ್ಲೇ 12 ಮೊನೊಸೆರೊಟಿಸ್ ಎಂಬ ಹಳದಿ ನಕ್ಷತ್ರವಿದೆ. ಅದು ಗುಚ್ಛಕ್ಕೆ ಸೇರಿದ್ದಲ್ಲ, ನಮಗೆ ಬಹಳ ಹತ್ತಿರವಿರುವ, ಸೂರ್ಯನಿಗಿಂತ ತಂಪಾದ ಮೇಲ್ಮೈಯ ದೈತ್ಯ ನಕ್ಷತ್ರ. ಗುಚ್ಛದ ಅತಿ ಬಿಸಿ ನಕ್ಷತ್ರಗಳ ತಾಪ 40,000 ಕೆಲ್ವಿನ್‌ನ ಆಸುಪಾಸಿನದು. ಇಡೀ ನೀಹಾರಿಕೆ ಬೆಳಗುತ್ತಿರುವುದೇ ಅವುಗಳಿಂದ. ನನ್ನ ಚಿತ್ರದಲ್ಲಿ ಇವೆಲ್ಲವೂ ಒಂದೇ ಬಿಳಿ. ಅನಿಲವನ್ನು ಬೆಳಗಿಸುತ್ತಿರುವವರು ಯಾರು, ದಾರಿಯಲ್ಲಿ ಸುಮ್ಮನೆ ಎದುರಾದವರು ಯಾರು ಎಂಬುದನ್ನು ನಾನೇ ಅಳಿಸಿಹಾಕಿದ್ದೆ.

ಅಂದಿನಿಂದ ನಾನು ಅನುಸರಿಸುವ ಕ್ರಮ ಇದು. ನ್ಯಾರೋಬ್ಯಾಂಡ್‌ನಲ್ಲಿ ಹನ್ನೊಂದು ಗಂಟೆಯಷ್ಟು ಬೆಳಕು ಸೇರಿಸಿದ ಮೇಲೆ, ಚಂದ್ರನಿಲ್ಲದ ಒಂದು ರಾತ್ರಿ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳಲ್ಲಿ 30 ಸೆಕೆಂಡಿನ ನಲವತ್ತು ಚಿತ್ರಗಳಂತೆ ತೆಗೆಯುತ್ತೇನೆ. ಒಟ್ಟು ಒಂದೇ ಗಂಟೆಯ ಕೆಲಸ. ಎಕ್ಸ್‌ಪೋಶರ್ ಚಿಕ್ಕದಿರಬೇಕು, ಏಕೆಂದರೆ ನಕ್ಷತ್ರದ ನಡುಭಾಗ ಒಮ್ಮೆ ತುಂಬಿ ಬಿಳಿಯಾದರೆ ಅದರ ಬಣ್ಣವನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಬಳಿಕ, ಚಿತ್ರವನ್ನು ಸ್ಟ್ರೆಚ್ ಮಾಡುವ, ಅಂದರೆ ಅದರ ಮಸುಕು ಭಾಗಗಳು ಕಾಣುವಂತೆ ಹೊಳಪು ಏರಿಸುವ ಮೊದಲೇ, ಪಿಕ್ಸ್‌ಇನ್‌ಸೈಟ್ ಎಂಬ ಖಗೋಳ ಚಿತ್ರಗಳ ತಂತ್ರಾಂಶದಲ್ಲಿ ಬಣ್ಣದ ಮಾಪನ ಮಾಡುತ್ತೇನೆ. ನಕ್ಷತ್ರಗಳನ್ನು ಅಳೆದ ಗಾಯಾ ಉಪಗ್ರಹವು 2022ರ ದತ್ತಾಂಶ ಬಿಡುಗಡೆಯಲ್ಲಿ ಸುಮಾರು 22 ಕೋಟಿ ಆಕಾಶಕಾಯಗಳ ವರ್ಣಪಟಲಗಳನ್ನು ಕೊಟ್ಟಿದೆ. ತಂತ್ರಾಂಶವು ನನ್ನ ಚಿತ್ರದ ನಕ್ಷತ್ರಗಳನ್ನು ಅವುಗಳಲ್ಲಿ ಗುರುತಿಸಿ, ನನ್ನ ಫಿಲ್ಟರ್ ಮತ್ತು ಸೆನ್ಸರ್‌ನ ಗುಣಕ್ಕೆ ತಕ್ಕಂತೆ ಮೂರು ಚಾನೆಲ್‌ಗಳನ್ನು ಹೊಂದಿಸುತ್ತದೆ. ಇನ್ನು ನ್ಯಾರೋಬ್ಯಾಂಡ್ ಚಿತ್ರಗಳಿಂದ ನಕ್ಷತ್ರಗಳನ್ನು ಸ್ಟಾರ್‌ನೆಟ್‌ನಂಥ ಸಾಧನದಿಂದ ತೆಗೆದು, ಬರಿಯ ನೀಹಾರಿಕೆಯ ಮೇಲೆ ಈ ಅಳೆದ ನಕ್ಷತ್ರಗಳನ್ನು ಸ್ಕ್ರೀನ್ ವಿಧಾನದಲ್ಲಿ ಕೂಡಿಸುತ್ತೇನೆ. ನೇರವಾಗಿ ಕೂಡಿದರೆ ಹೊಳೆಯುವ ಜಾಗಗಳು ಉರಿದುಹೋಗುತ್ತವೆ, ಹೀಗೆ ಮಾಡಿದರೆ ಉಳಿಯುತ್ತವೆ.

ಎರಡು ಚಿತ್ರಗಳನ್ನು ಬೆರೆಸುವುದು ಮೋಸವಲ್ಲವೇ ಎಂದು ಕೆಲವರು ಕೇಳುತ್ತಾರೆ. ಅದೇ ನಕ್ಷತ್ರಗಳು, ಅದೇ ಜಾಗದಲ್ಲಿ, ಅದೇ ದೂರದರ್ಶಕದಿಂದ. ಬದಲಾಗಿರುವುದು ಫಿಲ್ಟರ್ ಮಾತ್ರ, ಅದನ್ನೂ ಚಿತ್ರದ ಕೆಳಗೆ ಬರೆದಿರುತ್ತೇನೆ. ಮೋಸವೆನಿಸುವ ಪ್ರಲೋಭನೆ ಬೇರೆಯದು. ಮಾಪನ ಮುಗಿದ ಮೇಲೆ ಗುಚ್ಛದ ನಕ್ಷತ್ರಗಳು ನಾವು ನಿರೀಕ್ಷಿಸುವ ಕಡುನೀಲಿಯಾಗಿ ಕಾಣುವುದಿಲ್ಲ, ತುಸು ನೀಲಿ ಬೆರೆತ ಬಿಳಿಯಾಗಿರುತ್ತವೆ, ಏಕೆಂದರೆ ನಡುವಿನ ಧೂಳು ಅವುಗಳ ನೀಲಿಯ ಒಂದು ಪಾಲನ್ನು ಚದುರಿಸಿಬಿಟ್ಟಿದೆ. ಆ ನೀಲಿಯನ್ನು ಒಂದಿಷ್ಟು ಏರಿಸಿದರೆ ಚಿತ್ರ ಇನ್ನಷ್ಟು ಚೆಲುವಾಗುತ್ತದೆಂದು ನನಗೆ ಗೊತ್ತು. ಆ ಸ್ಲೈಡರನ್ನು ನಾನು ಮುಟ್ಟುವುದಿಲ್ಲ.