ಗುಂಡು ಇಳಿಸಿದ ಬೆಳಗು

ಜೂನ್ ತಿಂಗಳ ಒಂದು ಶನಿವಾರ ನಮ್ಮ ದೋಣಿಯ ಅಂಚು ನನ್ನ ಕಣ್ಣೆದುರೇ ಬಾಗಿತು. ಮೀನಿನ ಗಾಳವನ್ನು ಆಳಕ್ಕೆ ಇಳಿಸುವ ಸಾಧನ ಡೌನ್‌ರಿಗ್ಗರ್, ಅದರ ಸೀಸದ ಗುಂಡು ಸರೋವರದ ತಳದಲ್ಲಿ ಯಾವುದಕ್ಕೋ ಸಿಕ್ಕಿಕೊಂಡಿತ್ತು. ದೋಣಿ ಮುಂದಕ್ಕೆ ಹೋಗುತ್ತಲೇ ಇತ್ತು. ಕೇಬಲ್ ಬಿಗಿಯಾಗಿ, ಬೋಲ್ಟ್ ಹಾಕಿದ ಜಾಗದಲ್ಲಿ ಅಲ್ಯುಮಿನಿಯಂ ತಗಡು ಮೇಲೆದ್ದಿತು. "ಅಪ್ಪಾ, ನಿಲ್ಸಪ್ಪಾ!" ಎಂದು ಮಗಳು ಕೂಗಿದಳು. ಇಂಜಿನ್ ನ್ಯೂಟ್ರಲ್‌ಗೆ ಹಾಕಿ, ದೋಣಿಯನ್ನು ಹಿಂದೆ ತಂದು ಗುಂಡು ಬಿಡಿಸುವಷ್ಟರಲ್ಲಿ ನನ್ನ ಕೈ ನಡುಗುತ್ತಿತ್ತು.

ನಾವಿರುವುದು ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್‌ನಲ್ಲಿ, ಮಿಷಿಗನ್ ಸರೋವರಕ್ಕೆ ಹತ್ತಿರ. ನಾನು ಬೆಳೆದದ್ದು ತೀರ್ಥಹಳ್ಳಿ ಕಡೆ. ತುಂಗಾ ಹೊಳೆ ದಂಡೆಯಲ್ಲಿ ಬಿದಿರು ಕೋಲು, ಎರೆಹುಳು ಹಿಡಿದು ಕೂತವನು. ಅಲ್ಲಿ ಗಾಳದ ದಾರಕ್ಕೆ ಕಟ್ಟುವ ಸೀಸ ಹುಣಸೆ ಬೀಜದಷ್ಟಿರುತ್ತಿತ್ತು. ಇಲ್ಲಿನ ಸೀಸದ ಗುಂಡು ಸುಲಿದ ತೆಂಗಿನಕಾಯಿಯಷ್ಟು ದಪ್ಪ, ತೂಕ 12 ಪೌಂಡು. ಅಂದರೆ ಐದೂವರೆ ಕಿಲೋ ಹತ್ತಿರ.

ಇಷ್ಟು ತೂಕ ಯಾಕೆ ಅಂದರೆ, ಈ ಸರೋವರ ಹೊಳೆಯಂಥದ್ದಲ್ಲ. ತೀರಾ ಆಳದ ಕಡೆ 281 ಮೀಟರ್ ಇದೆ. ಬೇಸಿಗೆಯಲ್ಲಿ ಮೇಲಿನ ನೀರು ಬಿಸಿಯಾದಾಗ ಸಾಲ್ಮನ್ ಮೀನು ತಣ್ಣಗಿನ ಪದರ ಹುಡುಕಿಕೊಂಡು ಕೆಳಗೆ ಇಳಿಯುತ್ತದೆ. ದೋಣಿಯನ್ನು ನಿಧಾನವಾಗಿ ಓಡಿಸುತ್ತಾ ಗಾಳವನ್ನು ಆ ಪದರದಲ್ಲೇ ಎಳೆಯಬೇಕು. ಇದಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಮಂಗಳೂರು, ಮಲ್ಪೆ ಕಡೆಯ ಟ್ರಾಲ್ ಬೋಟು ಬೇರೆ, ಅದು ಬಲೆ ಎಳೆಯುವುದು. ಇದು ಬರೀ ಗಾಳ.

ಡೌನ್‌ರಿಗ್ಗರ್ ಅಂದರೆ ಬಾವಿಯ ರಾಟೆಯ ತಮ್ಮ ಅಂದುಕೊಳ್ಳಿ. ದೋಣಿಯ ಅಂಚಿನಲ್ಲಿ ಒಂದು ಚಕ್ರ, ಅದರಿಂದ ಹೊರಚಾಚಿದ ತೋಳು, ತೋಳಿನ ತುದಿಯಿಂದ ಕೇಬಲ್, ಕೇಬಲ್ಲಿನ ತುದಿಗೆ ಗುಂಡು. ಗಾಳದ ದಾರವನ್ನು ಗುಂಡಿನ ಹತ್ತಿರ ಒಂದು ಕ್ಲಿಪ್ಪಿಗೆ ಕಚ್ಚಿಸಿ ಇಳಿಸುತ್ತೇವೆ. ದಾರ ಬಿಗಿಯಾಗುವವರೆಗೆ ರೀಲ್ ಸುತ್ತಿದರೆ ಕೋಲು ಬಿಲ್ಲಿನಂತೆ ಬಾಗಿ ನಿಲ್ಲುತ್ತದೆ. ಮೀನು ಕಚ್ಚಿದ ಕೂಡಲೇ ದಾರ ಕ್ಲಿಪ್ಪಿನಿಂದ ಕಳಚಿಕೊಂಡು ಕೋಲು ಛಕ್ಕನೆ ನೆಟ್ಟಗಾಗುತ್ತದೆ. ಆಮೇಲೆ ಗುಂಡಿನ ಭಾರ ಇಲ್ಲ, ಮೀನು ಮತ್ತು ನೀವು ಅಷ್ಟೇ. ನನಗೆ ಈ ಸಾಧನ ಹಿಡಿಸಿದ್ದೇ ಈ ಕಾರಣಕ್ಕೆ.

ಕೊಳ್ಳುವಾಗ ನಾನು ತಿಂಗಳುಗಟ್ಟಲೆ ಒದ್ದಾಡಿದ್ದು ಕೈಯಲ್ಲಿ ತಿರುಗಿಸುವುದೋ, ಮೋಟಾರಿನದೋ ಎಂದು. ಸ್ಕಾಟಿ, ಕ್ಯಾನನ್ ಎಂಬ ಎರಡು ಕಂಪನಿಗಳಲ್ಲೂ ಎರಡೂ ಬಗೆ ಸಿಗುತ್ತವೆ. ಒಂದು ಮೋಟಾರಿನದರ ದುಡ್ಡಿಗೆ ಸುಮಾರಾಗಿ ಎರಡು ಕೈಯವು ಬರುತ್ತವೆ. ಆದರೆ ದೋಣಿಯಲ್ಲಿ ಇರುವುದು ನಾವಿಬ್ಬರೇ. ಮಗಳಿಗೆ 12 ವರ್ಷ. ಮೀನು ಕಚ್ಚಿದಾಗ ಒಬ್ಬರು ಕೋಲು ಹಿಡಿಯಬೇಕು, ಒಬ್ಬರು ದೋಣಿ ನೋಡಬೇಕು. ಆಗ 80 ಅಡಿಯಿಂದ ಗುಂಡನ್ನು ಸುತ್ತಿ ಮೇಲೆ ತರುವವರು ಯಾರು? ಅದಕ್ಕೇ ಒಂದು ಮೋಟಾರಿನದು, ಒಂದು ಕೈಯದು ತೆಗೆದುಕೊಂಡೆ. ಆ ನಿರ್ಧಾರ ಇವತ್ತಿಗೂ ಸರಿ ಅನ್ನಿಸುತ್ತದೆ. ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದು, ನಡುವೆ ಕರೆಂಟು ಮಿತಿಮೀರಿದರೆ ಕಡಿದುಹಾಕುವ ಬ್ರೇಕರ್ ಹಾಕಿದೆ. ತೆಳು ತಂತಿ ಆದರೆ ಗುಂಡು ಏದುಸಿರು ಬಿಡುತ್ತಾ ಮೇಲೆ ಬರುತ್ತದೆ.

ತಪ್ಪಿದ್ದು ನಾನು ಯೋಚನೆಯನ್ನೇ ಮಾಡದ ಕಡೆ. ಕೈಯದರ ಬ್ರೇಕನ್ನು ಜಾಸ್ತಿ ಬಿಗಿ ಮಾಡಿದ್ದೆ. ಗುಂಡು ಸಿಕ್ಕಿಕೊಂಡರೆ ಚಕ್ರ ತಾನಾಗಿ ಜಾರಿ ಕೇಬಲ್ ಬಿಡುವಷ್ಟು ಸಡಿಲ ಇರಬೇಕು. ಜೊತೆಗೆ ಬುಡವನ್ನು ತೆಳು ಅಂಚಿಗೆ ಸುಮ್ನೆ ಬೋಲ್ಟ್ ಹಾಕಿ ನಿಲ್ಲಿಸಿದ್ದೆ. ಮನೆಗೆ ಬಂದು ಎರಡೂ ಕಡೆ ಅಂಚಿನ ಅಡಿಗೆ ಕಾಲು ಇಂಚು ದಪ್ಪದ ಅಲ್ಯುಮಿನಿಯಂ ಪ್ಲೇಟು ಕೊಟ್ಟು, ಸ್ಟೀಲ್ ಬೋಲ್ಟು, ಅಗಲ ವಾಷರ್ ಹಾಕಿ ಕೂರಿಸಿದೆ. ಹೊಸದಾಗಿ ಕೊಳ್ಳುವವರು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಯಾವ ಕಂಪನಿಯದು ಅನ್ನುವುದು ಆಮೇಲೆ.

ಆಗಸ್ಟ್‌ನಲ್ಲಿ ಇದೇ ಸರೋವರದ ದಡದ ಊರು ಲಡಿಂಗ್‌ಟನ್‌ಗೆ ಹೋದೆವು. ಬೆಳಗಿನ ಐದಕ್ಕೇ ದೋಣಿ ಇಳಿಸಿ, ಕಾಲುವೆ ದಾಟಿ, ಬಿಳಿ ದೀಪಸ್ತಂಭದ ಪಕ್ಕದಿಂದ ಸರೋವರಕ್ಕೆ ಬಂದು ಉತ್ತರಕ್ಕೆ ತಿರುಗಿದೆವು. ಇಲ್ಲಿ ಒಬ್ಬರಿಗೆ ಮೂರು ಕೋಲು ಹಾಕಬಹುದು. ನಾವು ಹಾಕಿದ್ದು ಒಟ್ಟು ಮೂರೇ. ಎರಡು ಡೌನ್‌ರಿಗ್ಗರ್‌ಗೆ, ಒಂದು ಡಿಪ್ಸಿ ಡೈವರ್‌ಗೆ. ಡಿಪ್ಸಿ ಒಂದು ಪ್ಲಾಸ್ಟಿಕ್ ಬಿಲ್ಲೆ, ನೀರಿನ ಎಳೆತಕ್ಕೇ ಕೆಳಗೆ ಮತ್ತು ಪಕ್ಕಕ್ಕೆ ಸರಿದು ಗಾಳವನ್ನು ದೂರ ಒಯ್ಯುತ್ತದೆ. ಇಬ್ಬರೇ ಇದ್ದಾಗ ಇದಕ್ಕಿಂತ ಜಾಸ್ತಿ ಹಾಕಿದರೆ ದಾರ ಬಿಡಿಸುವುದೇ ಕೆಲಸವಾಗುತ್ತದೆ.

ಮೊದಲು ಕೇಬಲ್ಲಿಗೆ ಸಿಕ್ಕಿಸುವ ಸಣ್ಣ ಉಷ್ಣಮಾಪಕವನ್ನು ಇಳಿಸಿ ತೆಗೆದೆವು. ಮೇಲೆ 70 ಡಿಗ್ರಿ ಫ್ಯಾರನ್‌ಹೀಟ್. 50 ಅಡಿಯಲ್ಲಿ 61. 65 ಅಡಿಗೆ ಇಳಿದರೆ 52! ಸಾಲ್ಮನ್‌ಗೆ ಬೇಕಾದದ್ದು ಅದೇ. ಮಗಳು ಎಡಗಡೆಯ ಗುಂಡನ್ನು 65ಕ್ಕೆ ಬಿಟ್ಟಳು. ನೀರಿನೊಳಗಿರುವುದನ್ನು ಪರದೆಯ ಮೇಲೆ ತೋರಿಸುವ ಫಿಶ್ ಫೈಂಡರ್‌ನಲ್ಲಿ ಗುಂಡು ಒಂದು ಗೆರೆಯಾಗಿ ಕಂಡಿತು, ಆದರೆ 60ರ ಹತ್ತಿರ. ದೋಣಿ ಓಡುವಾಗ ನೀರು ಕೇಬಲ್ಲನ್ನು ಹಿಂದಕ್ಕೆ ತಳ್ಳುತ್ತದೆ. ಅಳತೆ ಚಕ್ರ ತೋರಿಸುವುದು ಬಿಟ್ಟ ಕೇಬಲ್ಲನ್ನು, ಗುಂಡಿನ ಆಳವನ್ನಲ್ಲ. ಐದು ಅಡಿ ಮೇಲೆ ಹೋದರೆ ನೀರೇ ಬೇರೆ. ಹಗುರ ಗುಂಡು ಹಾಕಿದ್ದರೆ ಇನ್ನೂ ಮೇಲೆ ತೇಲುತ್ತಿತ್ತು.

"ಇನ್ನೈದು ಅಡಿ ಬಿಡು ಪುಟ್ಟಿ" ಎಂದೆ.

ವೇಗ ಗಂಟೆಗೆ 2.3 ಮೈಲಿ. ಗಾಳಕ್ಕೆ ಹಸಿರು ಪಟ್ಟಿಯ ಬೆಳ್ಳಿ ಬಣ್ಣದ ಸ್ಪೂನು, ಅಂದರೆ ಸಣ್ಣ ಮೀನಿನಂತೆ ಹೊಳೆಯುವ ಲೋಹದ ತಗಡು. ಬೆಳಕು ಹರಿಯುವ ಹೊತ್ತಿಗೆ ಎಡಗಡೆಯ ಕೋಲು ಎರಡು ಸಲ ತಲೆ ಆಡಿಸಿತು, ನೆಟ್ಟಗಾಯಿತು, ಮರುಕ್ಷಣವೇ ನೀರಿನ ಕಡೆ ಬಗ್ಗಿತು. ರೀಲು ಕಿರುಗುಟ್ಟುತ್ತಾ ದಾರ ಬಿಡತೊಡಗಿತು. ಕೋಲನ್ನು ಮಗಳ ಕೈಗೆ ಕೊಟ್ಟು, ಮೋಟಾರಿನ ಸ್ವಿಚ್ ಒತ್ತಿದೆ. ಗುಂಡು ತಾನೇ ಮೇಲೆ ಬಂದು ನಿಂತಿತು. ದೋಣಿ ನೋಡಲು, ಕೈಬಲೆ ಹಿಡಿಯಲು ನನ್ನ ಎರಡೂ ಕೈ ಬಿಡುವಾದವು. ಇಪ್ಪತ್ತು ನಿಮಿಷ ಅವಳು ಹೊಟ್ಟೆಗೆ ಕೋಲಿನ ಬುಡ ಒತ್ತಿಕೊಂಡು ನಿಂತಿದ್ದಳು. ಬಲೆಗೆ ಬಂದದ್ದು 16 ಪೌಂಡಿನ ಚಿನೂಕ್ ಜಾತಿಯ ಸಾಲ್ಮನ್. ಬೆನ್ನು ಕಪ್ಪು ಹಸಿರು, ಪಕ್ಕೆ ಬೆಳ್ಳಿ, ಬಾಯೊಳಗೆ ವಸಡೂ ಕಪ್ಪು.

ಈ ಮೀನು ಇಲ್ಲಿಯದಲ್ಲ, ಪೆಸಿಫಿಕ್ ಕಡೆಯದು. ಅಟ್ಲಾಂಟಿಕ್‌ನಿಂದ ಬಂದು ಸೇರಿಕೊಂಡ ಏಲ್‌ವೈಫ್ ಎಂಬ ಸಣ್ಣ ಮೀನು ಇಲ್ಲಿ ಮಿತಿಮೀರಿ ಬೆಳೆದಾಗ, ಅದನ್ನು ತಿನ್ನಲಿ ಎಂದು ಮಿಷಿಗನ್ ರಾಜ್ಯದವರು 1966ರಲ್ಲಿ ಕೋಹೋ ಎಂಬ ಇನ್ನೊಂದು ಸಾಲ್ಮನ್, 1967ರಲ್ಲಿ ಚಿನೂಕ್ ಮರಿಗಳನ್ನು ತಂದು ಬಿಟ್ಟರು. ದೂರದಿಂದ ಬಂದು ಇಲ್ಲಿ ಬಾಳು ಕಟ್ಟಿಕೊಂಡ ಮೀನು ಎಂದು ನನಗೆ ಅದರ ಮೇಲೆ ಪ್ರೀತಿ. ದಡದಲ್ಲಿ ಹೊಟ್ಟೆ ಸೀಳಿದಾಗ ಒಳಗೆ ಮೂರು ಏಲ್‌ವೈಫ್ ಇದ್ದವು.

ಆದರೆ ಅದು ಆಮೇಲಿನ ಮಾತು. ಆಗಿನ್ನೂ ಸೂರ್ಯ ಮರಳು ದಿಬ್ಬಗಳ ಮೇಲೆ ಬಂದಿರಲಿಲ್ಲ. ಮೀನನ್ನು ಐಸ್ ಪೆಟ್ಟಿಗೆಗೆ ಹಾಕಿ ತಿರುಗಿದರೆ, ಮಗಳು ಆಗಲೇ ಸ್ಪೂನನ್ನು ನೀರಿಗೆ ಬಿಟ್ಟು ದಾರವನ್ನು ಕ್ಲಿಪ್ಪಿಗೆ ಕಚ್ಚಿಸುತ್ತಿದ್ದಳು.

"ಅಪ್ಪಾ, 70ಕ್ಕೆ ಬಿಡ್ತೀನಿ. ಆಗ 65 ಆಗುತ್ತೆ, ಅಲ್ವಾ?"