ರಕ್ತಸ್ರಾವವನ್ನು ಅಳೆದಾಗ ಕಿರಿದಾದ ಅಂತರ

ಅಮೆರಿಕದಲ್ಲಿ ಬಸಿರು ಮತ್ತು ಹೆರಿಗೆಗೆ ಸಂಬಂಧಿಸಿದ ಕಾರಣಗಳಿಂದ ಸಾಯುವ ಅಪಾಯ ಬಿಳಿಯ ಮಹಿಳೆಯರಿಗಿಂತ ಕಪ್ಪು ಮಹಿಳೆಯರಿಗೆ ಸುಮಾರು 3 ಪಟ್ಟು ಹೆಚ್ಚು. ಕ್ಯಾಲಿಫೋರ್ನಿಯಾದ ಅನೇಕ ಆಸ್ಪತ್ರೆಗಳು ಹೆರಿಗೆಯ ರಕ್ತಸ್ರಾವವನ್ನು ಕಣ್ಣಂದಾಜಿಗೆ ಬಿಡದೆ, ತೊಯ್ದ ಬಟ್ಟೆಗಳನ್ನು ತೂಗಿ ಅಳೆದು, ಇಷ್ಟು ಮಿಲಿಲೀಟರ್ ದಾಟಿದರೆ ಇಂಥ ಚಿಕಿತ್ಸೆ ಎಂಬ ಕ್ರಮವನ್ನು ಎಲ್ಲ ತಾಯಂದಿರಿಗೂ ಒಂದೇ ರೀತಿ ಪಾಲಿಸಿದಾಗ, ಗಂಭೀರ ತೊಡಕುಗಳಲ್ಲಿದ್ದ ಜನಾಂಗೀಯ ಅಂತರ ಕಿರಿದಾಯಿತೆಂದು 2020ರ ಅಧ್ಯಯನವೊಂದು ತೋರಿಸಿತು. ಹೆತ್ತವಳ ಸಂಕಟವನ್ನು ನಂಬುವುದು ಎದುರಿಗಿರುವವರ ಮರ್ಜಿಗೆ ಬಿಟ್ಟ ವಿಷಯವಾಗಬಾರದು.

ಹೆರಿಗೆಯಲ್ಲಿ ಹರಿಯುವ ರಕ್ತವನ್ನು ಸಂಗ್ರಹಿಸುವ, ಅಳತೆಯ ಗುರುತುಳ್ಳ ಪ್ಲಾಸ್ಟಿಕ್ ಹಾಳೆಯನ್ನು (ನಮ್ಮದೇ ಬೆಳಗಾವಿಯ ಹಳ್ಳಿಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದು ಬಳಕೆಯಾಗಿತ್ತು) ಬೆಂಗಳೂರಿನ ಪ್ರತಿ ಹೆರಿಗೆ ಕೋಣೆಯಲ್ಲೂ ಹಾಸಬೇಕು. ರಾಯಚೂರಿನಿಂದ ಕಟ್ಟಡದ ಕೆಲಸಕ್ಕೆ ಬಂದವರ ಮತ್ತು ಜಯನಗರದಲ್ಲೇ ಬೆಳೆದವರ ತೊಡಕುಗಳನ್ನು ಆಸ್ಪತ್ರೆಗಳು ಬೇರೆಬೇರೆಯಾಗಿ ಲೆಕ್ಕವಿಟ್ಟು, ಪ್ರತಿ ತಿಂಗಳೂ ವೈದ್ಯರು ಮತ್ತು ದಾದಿಯರು ಒಟ್ಟಿಗೆ ಕುಳಿತು ನೋಡಬೇಕೆಂಬುದು ನನ್ನ ಆಗ್ರಹ.