ಆಂಗ್ಕೋರ್‌ಗೆ ಮೂರು ದಿನ: ಹರನಿಂದ ಹರಿಗೆ, ಹರಿಯಿಂದ ಬುದ್ಧನಿಗೆ

ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಹೋದ ಬಹಳಷ್ಟು ಜನ ಒಂದೇ ದಿನದಲ್ಲಿ ಆಂಗ್ಕೋರ್ ವಾಟ್, ಬಯಾನ್, ತಾ ಪ್ರೋಮ್ ದೇವಾಲಯಗಳನ್ನು ಮುಗಿಸಿಬಿಡುತ್ತಾರೆ. ರಾಮಾಯಣ, ಮಹಾಭಾರತ ಕೇಳುತ್ತ ಬೆಳೆದವರಿಗೆ ಅದು ಏನೇನೂ ಸಾಲದು. ಒಂದು ದಿನದ ಪಾಸಿಗೆ 37 ಡಾಲರ್, ಮೂರು ದಿನದ್ದಕ್ಕೆ 62. ಮೂರು ದಿನದ್ದನ್ನೇ ಕೊಳ್ಳಿ. ಹತ್ತು ದಿನಗಳೊಳಗೆ ಯಾವ ಮೂರು ದಿನವಾದರೂ ಬಳಸಬಹುದು, ಬಿಸಿಲಿಗೆ ಸುಸ್ತಾದರೆ ನಡುವೆ ಒಂದು ದಿನ ಬಿಡಬಹುದು. ಪಾಸು ದೇವಾಲಯದ ಬಾಗಿಲಲ್ಲಿ ಸಿಗುವುದಿಲ್ಲ. ಊರಿನ ಹೊರಗಿನ ಟಿಕೆಟ್ ಕೇಂದ್ರದಲ್ಲಿ ನಿಮ್ಮ ಫೋಟೊ ತೆಗೆದು ಕೊಡುತ್ತಾರೆ. ಸಂಜೆ 5ರ ನಂತರ ಕೊಂಡರೆ ಲೆಕ್ಕ ಮರುದಿನದಿಂದ.

ಟುಕ್‌ಟುಕ್‌ನವರು (ಅಲ್ಲಿಯ ಆಟೊದವರು) ಹೇಳುವ ಸುತ್ತನ್ನು ಬಿಟ್ಟು ಕಾಲಕ್ರಮದಲ್ಲಿ ನೋಡಿ. ಶೈವ, ವೈಷ್ಣವ, ಬೌದ್ಧ ಎಂದು ಈ ನೆಲ ಬದಲಾದ ಬಗೆ ಆಗ ಕಣ್ಣಿಗೇ ಕಾಣುತ್ತದೆ.

ಮೊದಲ ದಿನ ಬಂತೇಯ್ ಸ್ರೇಯ್. ಕ್ರಿ.ಶ. 967ರಲ್ಲಿ ಪ್ರತಿಷ್ಠೆಯಾದ ಈ ಶಿವಾಲಯವನ್ನು ಕಟ್ಟಿಸಿದವನು ರಾಜನಲ್ಲ, ಯಜ್ಞವರಾಹನೆಂಬ ಪಂಡಿತ. ಊರಿನಿಂದ ಸುಮಾರು 35 ಕಿ.ಮೀ.; ಧೂಳಿರುವುದರಿಂದ ಕಾರೇ ಮೇಲು. ಗುಡಿ ಪೂರ್ವಾಭಿಮುಖ, ಬೆಳಗ್ಗೆಯೇ ಹೋಗಿ. ದಕ್ಷಿಣದ ಚಿಕ್ಕ ಮಂದಿರದ ಮೇಲೆ ಒಂದು ಕಡೆ ಕೈಲಾಸವನ್ನು ಅಲುಗಿಸುವ ರಾವಣ, ಇನ್ನೊಂದು ಕಡೆ ಕಾಮದಹನ. ಉತ್ತರದ್ದರಲ್ಲಿ ಖಾಂಡವವನದ ಮೇಲೆ ಇಂದ್ರ ಸುರಿಸುವ ಮಳೆ, ಕೃಷ್ಣನಿಂದ ಕಂಸವಧೆ. ಒಳಗಿನ ಗುಡಿಗಳಿಗೆ ಹಗ್ಗ ಕಟ್ಟಿರುತ್ತಾರೆ, ಚಿಕ್ಕ ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಅಲ್ಲಿಂದ ಮುಂದೆ ಕ್ಬಾಲ್ ಸ್ಪಿಯನ್‌ನಲ್ಲಿ ಹೊಳೆಯ ಬಂಡೆಯ ಮೇಲೆಯೇ ಸಾಲುಸಾಲು ಲಿಂಗಗಳನ್ನೂ ಶೇಷಶಯನ ವಿಷ್ಣುವನ್ನೂ ಕೊರೆದಿದ್ದಾರೆ. ಕಾಡಿನಲ್ಲಿ ಒಂದೂವರೆ ಕಿ.ಮೀ. ಹತ್ತಬೇಕು. ಮಧ್ಯಾಹ್ನ ಮೂರರ ಮೇಲೆ ಹೋದರೆ ವಾಪಸ್ ಕಳಿಸುವ ಸಾಧ್ಯತೆ ಹೆಚ್ಚು.

ಎರಡನೆಯ ದಿನವನ್ನು ಇಡಿಯಾಗಿ ಆಂಗ್ಕೋರ್ ವಾಟ್‌ಗೆ ಕೊಡಿ. ವಿಷ್ಣುವಿಗಾಗಿ ಇದನ್ನು ಕಟ್ಟಿಸಿದ ಎರಡನೆಯ ಸೂರ್ಯವರ್ಮನ್ ನಮ್ಮ ಹೊಯ್ಸಳ ವಿಷ್ಣುವರ್ಧನನ ಸಮಕಾಲೀನ. ಆದರೆ ಬೇಲೂರಿನಂತೆ ಗೋಡೆಯಿಂದ ಹೊರಚಾಚಿದ ಮೂರ್ತಿಗಳನ್ನು ಇಲ್ಲಿ ಹುಡುಕಬೇಡಿ. ಇಲ್ಲಿಯದು ತೆಳುವಾದ ಉಬ್ಬುಗೆತ್ತನೆ, ಹತ್ತಾರು ಮೀಟರ್ ಹರಿಯುವ ಕಥೆ. ದೇವಾಲಯ ಪಶ್ಚಿಮಾಭಿಮುಖ. ಅಭ್ಯಾಸಬಲದಿಂದ ಪ್ರದಕ್ಷಿಣೆಗೆಂದು ಎಡಕ್ಕೆ ತಿರುಗಿದರೆ ಎಲ್ಲವೂ ಹಿಂದುಮುಂದಾಗುತ್ತದೆ. ಬಲಕ್ಕೆ ತಿರುಗಿ, ಅಪ್ರದಕ್ಷಿಣವಾಗಿ ನಡೆಯಿರಿ. ಮೊದಲು ಕುರುಕ್ಷೇತ್ರ: ಕೌರವರು ಎಡದಿಂದ, ಪಾಂಡವರು ಬಲದಿಂದ, ಶರಶಯ್ಯೆಯ ಭೀಷ್ಮನನ್ನು ಮೇಲ್ಸಾಲಿನಲ್ಲಿ ಹುಡುಕಿ. ದಕ್ಷಿಣದ ಗೋಡೆಯಲ್ಲಿ ರಾಜನ ಸೇನೆ, ಆಮೇಲೆ ಯಮ, ಚಿತ್ರಗುಪ್ತರ ತೀರ್ಪು. ಪೂರ್ವದಲ್ಲಿ ಸುಮಾರು 49 ಮೀಟರ್ ಉದ್ದದ ಸಮುದ್ರಮಥನ. ಸೂರ್ಯೋದಯ ನೋಡಿದ ಗುಂಪು ತಿಂಡಿಗೆ ಹೊರಟ ಹೊತ್ತಿನಲ್ಲೇ ಒಳಗೆ ಹೋದರೆ, ಮಥನದ ಬಳಿ ಬರುವಾಗ ಎಳೆಬಿಸಿಲು ಸಿಗುತ್ತದೆ. ಲಂಕಾ ಯುದ್ಧ ಕೊನೆಯಲ್ಲಿ, ಮತ್ತೆ ಪಶ್ಚಿಮದ ಗೋಡೆಯಲ್ಲಿ; ಅದಕ್ಕೆ ಮಧ್ಯಾಹ್ನದ ಬೆಳಕು ಚೆನ್ನ.

ಮೇಲಿನ ಅಂತಸ್ತು ಬಕಾನ್‌ಗೆ ಭುಜ, ಮೊಣಕಾಲು ಮುಚ್ಚಿರಲೇಬೇಕು. ತೋಳಿಲ್ಲದ ಅಂಗಿಯ ಮೇಲೆ ಶಾಲು ಹೊದ್ದರೆ ಒಪ್ಪುವುದಿಲ್ಲ. ಬೌದ್ಧರ ಪುಣ್ಯದಿನಗಳಲ್ಲಿ ಅದು ಮುಚ್ಚಿರುತ್ತದೆ. ಹುಣ್ಣಿಮೆ, ಅಮಾವಾಸ್ಯೆ, ಅಷ್ಟಮಿಯ ಆಸುಪಾಸನ್ನು ತಪ್ಪಿಸಿ ದಿನ ಗೊತ್ತುಮಾಡಿ.

ಮೂರನೆಯ ದಿನ ಏಳನೆಯ ಜಯವರ್ಮನ್‌ನ ಬೌದ್ಧ ದೇವಾಲಯಗಳು: ತಾಯಿಗಾಗಿ 1186ರಲ್ಲಿ ಕಟ್ಟಿಸಿದ ತಾ ಪ್ರೋಮ್, ಮುಖಗೋಪುರಗಳ ಬಯಾನ್. ತಾ ಪ್ರೋಮ್‌ನ ಜೀರ್ಣೋದ್ಧಾರದಲ್ಲಿ ಭಾರತದ ಪುರಾತತ್ವ ಇಲಾಖೆಯ ದೊಡ್ಡ ಪಾಲಿದೆ. ಮರದ ಬೇರಿನ ಮುಂದೆ ಫೋಟೊ ತೆಗೆದು ಹೊರಟುಬಿಡಬೇಡಿ, ಗೋಡೆಯ ಗೂಡುಗಳನ್ನು ನೋಡಿ. ಬುದ್ಧನ ಮೂರ್ತಿಗಳನ್ನು ಆಮೇಲಿನವರು ಕೆತ್ತಿ ತೆಗೆದ ಗುರುತು ಈಗಲೂ ಉಳಿದಿದೆ.

ಸಸ್ಯಾಹಾರಿಗಳು ಜಾಗರೂಕರಾಗಿರಬೇಕು: ಬರೀ ತರಕಾರಿ ಎಂದರೂ ಮೀನಿನ ಸಾಸ್ ಹಾಕಿರುತ್ತಾರೆ. ಮೀನಿನ ಸಾಸ್, ಮೊಟ್ಟೆ ಬೇಡವೆಂದು ಖ್ಮೇರ್ ಭಾಷೆಯಲ್ಲಿ ಬರೆಸಿಕೊಂಡು ತೋರಿಸಿ. ಊರಿನಲ್ಲಿ ಭಾರತೀಯ ಹೋಟೆಲುಗಳೂ ಇವೆ. ಡಾಲರ್ ಎಲ್ಲ ಕಡೆ ನಡೆಯುತ್ತದೆ, ಆದರೆ ಸ್ವಲ್ಪ ಹರಿದ ನೋಟನ್ನೂ ಮುಟ್ಟುವುದಿಲ್ಲ. ಚಿಲ್ಲರೆಯನ್ನು ಅಲ್ಲಿಯ ರಿಯೆಲ್‌ನಲ್ಲಿ ಕೊಡುತ್ತಾರೆ, ಡಾಲರಿಗೆ ಸುಮಾರು 4,000. ನವೆಂಬರ್‌ನಿಂದ ಫೆಬ್ರವರಿ ಹಿತವಾದ ಕಾಲ. ಏಪ್ರಿಲ್ ಬೇಡ. 2023ರಲ್ಲಿ ತೆರೆದ ಹೊಸ ವಿಮಾನ ನಿಲ್ದಾಣ ಊರಿನಿಂದ 40 ಕಿ.ಮೀ.ಗೂ ದೂರ, ಹಳೆಯ ಬ್ಲಾಗುಗಳಲ್ಲಿರುವ ಟುಕ್‌ಟುಕ್ ದರ ನಂಬಿ ಹೋಗಬೇಡಿ. ಬಸ್ಸನ್ನೋ ಕಾರನ್ನೋ ಮೊದಲೇ ಗೊತ್ತುಮಾಡಿಕೊಳ್ಳಿ.